ಮಳೆಗಾಲದಲ್ಲಿ ಮಕ್ಕಳ ಶಿಬಿರ: ವಯನಾಡಿನ ಗುಡ್ಡಗಳು ಹೇಳುವ ಚರಿತ್ರೆ



ಜೂನ್‌ನಲ್ಲಿ ಶಾಲೆ ಶುರುವಾಗಿ ಒಂದೆರಡು ತಿಂಗಳಾಗುವಷ್ಟರಲ್ಲಿ ನಮ್ಮ ಯುವಜನರ ಸಭೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. ಜ್ಞಾನೋಪದೇಶದ ಮಕ್ಕಳನ್ನು ಒಂದು ರಾತ್ರಿ ಶಿಬಿರಕ್ಕೆ ಕರೆದುಕೊಂಡು ಹೋಗೋಣ ಎನ್ನುವ ಮಾತು. ಎಲ್ಲಿಗೆ ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ವಯನಾಡು. ಹಸಿರು ಗುಡ್ಡ, ಜಲಪಾತ, ಚಹಾ ತೋಟ, ಮಂಜು. ಮೊಬೈಲಿನಲ್ಲಿ ನೋಡಿದ ಚಂದದ ಚಿತ್ರಗಳೆಲ್ಲ ಮಳೆಗಾಲದವೇ. ಮಕ್ಕಳಿಗಂತೂ ಮಳೆಯ ಸದ್ದು ಕೇಳುತ್ತಾ ಡೇರೆಯಲ್ಲಿ ಮಲಗುವುದೆಂದರೆ ಹಬ್ಬ.

ಹೆತ್ತವರು ಮಾತ್ರ ಒಂದು ಪ್ರಶ್ನೆ ಕೇಳುತ್ತಾರೆ: "ರಾತ್ರಿ ಮಳೆ ಜೋರಾದರೆ ನೀವು ಏನು ಮಾಡುತ್ತೀರಿ?" ಇದಕ್ಕೆ "ನಾವಿದ್ದೇವಲ್ಲ, ದೇವರಿದ್ದಾನಲ್ಲ" ಎಂದು ನಗುತ್ತಾ ಹೇಳಿದರೆ ಸಾಲದು. ಮಕ್ಕಳನ್ನು ಮನೆಯಿಂದ ಹೊರಗೆ ಒಂದು ರಾತ್ರಿ ಇಟ್ಟುಕೊಳ್ಳುವ ಪದ್ಧತಿಗೆ ನೂರೈವತ್ತು ವರ್ಷಗಳ ಹತ್ತಿರದ ಚರಿತ್ರೆಯಿದೆ. ವಯನಾಡಿನ ಗುಡ್ಡಗಳಿಗೂ ತಮ್ಮದೇ ಚರಿತ್ರೆಯಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ನಮಗೆ ಕಂಡ ವಿಷಯ ಒಂದೇ. ಮಳೆಯಲ್ಲಿ ಮಕ್ಕಳು ಉಳಿದ ಕಡೆಗಳಲ್ಲಿ ಅವರನ್ನು ಉಳಿಸಿದ್ದು ನೀರಿಗೆ ಹಾರಿದ ಧೈರ್ಯವಲ್ಲ, ನೀರು ಬರುವ ಮುಂಚೆ ಯಾರೋ ಒಬ್ಬರು ತೆಗೆದುಕೊಂಡ ನಿರ್ಧಾರ. ಅದನ್ನೇ ಈ ಲೇಖನದಲ್ಲಿ ಹೇಳಲು ಹೊರಟಿದ್ದೇವೆ.

ಡೇರೆಯಿಲ್ಲದ ಮೊದಲ ಶಿಬಿರ

ಚರ್ಚಿನ ಹುಡುಗರನ್ನು ರಜೆಯಲ್ಲಿ ಊರಾಚೆ ಕರೆದೊಯ್ದು ಉಳಿಸಿಕೊಳ್ಳುವ ಪದ್ಧತಿಯ ಬೇರು ಹುಡುಕುತ್ತಾ ಹೋದರೆ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರ ಸಿಗುತ್ತದೆ. 1883ರ ಅಕ್ಟೋಬರ್ 4ರಂದು ಅಲ್ಲಿ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಎಂಬ ಭಾನುವಾರದ ಶಾಲೆಯ ಶಿಕ್ಷಕ 'ಬಾಯ್ಸ್ ಬ್ರಿಗೇಡ್' ಆರಂಭಿಸಿದರು. ಪಾಠದ ಹೊತ್ತಿನಲ್ಲಿ ಚೇಷ್ಟೆ ಮಾಡುತ್ತಿದ್ದ ಹುಡುಗರಿಗೆ ಶಿಸ್ತು, ಆಟ, ಕವಾಯತು ಕೊಟ್ಟರೆ ಅವರು ಉಳಿಯುತ್ತಾರೆ ಎಂಬುದು ಅವರ ಲೆಕ್ಕ. ಮೂರು ವರ್ಷಗಳ ನಂತರ, 1886ರ ಬೇಸಿಗೆಯಲ್ಲಿ, ಅವರು ಹುಡುಗರನ್ನು ಸಮುದ್ರ ತೀರದ ಟೈನಬ್ರೂಯಿಕ್ ಎಂಬ ಹಳ್ಳಿಗೆ ಕರೆದುಕೊಂಡು ಹೋದರು. ಸ್ಕಾಟ್ಲೆಂಡಿನ ಬೇಸಿಗೆಯಲ್ಲೂ ಮಳೆ ತಪ್ಪುವುದಿಲ್ಲ. ಆ ಮೊದಲ ಶಿಬಿರದಲ್ಲಿ ಹುಡುಗರು ಮಲಗಿದ್ದು ಡೇರೆಯಲ್ಲಲ್ಲ, ಊರಿನ ಒಂದು ಸಭಾಭವನದಲ್ಲಿ. ನೂರಾರು ಕಡೆ ಹಬ್ಬಿದ ಶಿಬಿರ ಪದ್ಧತಿಯ ಆರಂಭವೇ ಗಟ್ಟಿಯಾದ ಒಂದು ಸೂರಿನ ಕೆಳಗೆ ಆಯಿತು. ಡೇರೆ ಇಲ್ಲದಿದ್ದರೆ ಅದು ಶಿಬಿರವೇ ಅಲ್ಲ ಎನ್ನುವ ನಮ್ಮ ಹುಡುಗರಿಗೆ ಇದನ್ನು ಹೇಳಬೇಕು.

ಡೇರೆಯ ಶಿಬಿರವನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರು ಬೇಡನ್ ಪೊವೆಲ್. 1907ರ ಆಗಸ್ಟ್ 1ರಂದು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ಶುರುವಾಯಿತು. ಶ್ರೀಮಂತರ ಶಾಲೆಯ ಹುಡುಗರೂ ದುಡಿಯುವವರ ಮನೆಯ ಹುಡುಗರೂ ಒಂದೇ ಕಡೆ ಇದ್ದರು. ಅವರನ್ನು ನಾಲ್ಕು ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ ಒಬ್ಬ ಹುಡುಗನನ್ನು ನಾಯಕನನ್ನಾಗಿ ಇಟ್ಟರು. ಇಂದಿಗೂ ನಾವು ಶಿಬಿರದಲ್ಲಿ ಮಕ್ಕಳನ್ನು ಚಿಕ್ಕ ತಂಡಗಳಾಗಿ ಹಂಚುವುದು ಅಲ್ಲಿಂದ ಬಂದ ಪದ್ಧತಿ. ಇಪ್ಪತ್ತು ತಲೆಗಳನ್ನು ಕತ್ತಲಲ್ಲಿ ಎಣಿಸುವುದು ಕಷ್ಟ, ಐದು ತಲೆಗಳನ್ನು ಎಣಿಸುವುದು ಸುಲಭ. ಅದರ ಹಿಂದಿನ ಬುದ್ಧಿ ಇಷ್ಟೇ.

ಎರಡೇ ವರ್ಷದಲ್ಲಿ, 1909ರಲ್ಲಿ, ಸ್ಕೌಟಿಂಗ್ ನಮ್ಮ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಟಿ. ಎಚ್. ಬೇಕರ್ ಇಲ್ಲಿ ಭಾರತದ ಮೊದಲ ದಳವನ್ನು ಕಟ್ಟಿದರು. ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. ಭಾರತೀಯ ಮಕ್ಕಳಿಗೂ ಆ ಬಾಗಿಲು ತೆರೆಯಲು ಆನಿ ಬೆಸೆಂಟ್ ಅವರಂಥವರು ಮದರಾಸಿನಲ್ಲಿ ಬೇರೆ ಸಂಸ್ಥೆಯನ್ನೇ ಕಟ್ಟಬೇಕಾಯಿತು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು ಎಲ್ಲ ಸೇರಿ ಭಾರತ್ ಸ್ಕೌಟ್ಸ್ ಆಯಿತು, ಮುಂದಿನ ವರ್ಷ ಗೈಡ್ಸ್ ಕೂಡ ಸೇರಿಕೊಂಡಿತು.

ಆದರೆ ಈ ಚರಿತ್ರೆಯಲ್ಲಿ ನೋವಿನ ಪುಟಗಳೂ ಬೇಗನೆ ಬಂದವು. 1912ರ ಆಗಸ್ಟ್ 4ರಂದು ಲಂಡನ್ನಿನ ವಾಲ್ವರ್ತ್ ಎಂಬ ಬಡವರ ಬಡಾವಣೆಯ ಸ್ಕೌಟ್ ಹುಡುಗರು ದೋಣಿಯಲ್ಲಿ ಶಿಬಿರಕ್ಕೆ ಹೊರಟಿದ್ದರು. ಲೇಸ್‌ಡೌನ್ ಎಂಬಲ್ಲಿ ಏಕಾಏಕಿ ಎದ್ದ ಬಿರುಗಾಳಿಗೆ ದೋಣಿ ಮಗುಚಿ 9 ಹುಡುಗರು ಸತ್ತರು. ಸ್ಕೌಟ್ ಶಿಬಿರ ಎಂಬ ಪದ್ಧತಿ ಹುಟ್ಟಿ ಐದು ವರ್ಷ ಆಗಿತ್ತಷ್ಟೆ. ಜೊತೆಗಿದ್ದ ಹಿರಿಯರು ಮಕ್ಕಳನ್ನು ಉಳಿಸಲು ನೀರಿನಲ್ಲಿ ಒದ್ದಾಡಿದರು. ಆದರೂ ಹವಾಮಾನ ಕೆಟ್ಟ ಮೇಲೆ ಹಿರಿಯರ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ ಎಂಬ ಪಾಠ ಅಂದೇ ಬರೆದಾಗಿತ್ತು.

ವಯನಾಡು ನಮಗೆ ಎಷ್ಟು ಹತ್ತಿರ, ಎಷ್ಟು ದೂರ

ಮೈಸೂರು, ಚಾಮರಾಜನಗರ, ಕೊಡಗು ಕಡೆಯ ನಮ್ಮಂಥವರಿಗೆ ವಯನಾಡು ಬೇರೆ ರಾಜ್ಯವಾದರೂ ಬೇರೆ ಊರಲ್ಲ. ಕೇರಳದಲ್ಲಿ ಪೂರ್ವಕ್ಕೆ ಹರಿಯುವ ನದಿಗಳು ಮೂರೇ. ಅವುಗಳಲ್ಲಿ ಕಬಿನಿ ಹುಟ್ಟುವುದು ವಯನಾಡಿನಲ್ಲಿ. ಅಲ್ಲಿ ನಾಲ್ಕು ದಿನ ಮಳೆ ಹಿಡಿದರೆ ಎಚ್.ಡಿ. ಕೋಟೆಯ ಬೀಚನಹಳ್ಳಿ ಅಣೆಕಟ್ಟು ತುಂಬುತ್ತದೆ, ನಂಜನಗೂಡಿನಲ್ಲಿ ಕಪಿಲೆ ಉಕ್ಕುತ್ತಾಳೆ. ಧರ್ಮಸಭೆಯ ನಂಟೂ ಹಳೆಯದು. ವಯನಾಡಿನ ಪಳ್ಳಿಕ್ಕುನ್ನಿನ ಲೂರ್ದು ಮಾತೆಯ ದೇವಾಲಯವನ್ನು 1908ರಲ್ಲಿ ಫ್ರೆಂಚ್ ಮಿಷನರಿ ಗುರುಗಳೊಬ್ಬರು ಸ್ಥಾಪಿಸಿದಾಗ ಆ ಸೀಮೆ ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿತ್ತು.

ಆದರೆ ರಾತ್ರಿಯ ಹೊತ್ತು ವಯನಾಡು ನಮಗೆ ಬಹಳ ದೂರ. ಶಿಬಿರದ ಯೋಜನೆ ಹಾಕುವ ಎಷ್ಟೋ ಜನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗುಂಡ್ಲುಪೇಟೆಯಿಂದ ಮುತ್ತಂಗ, ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡಿನ ಮಧ್ಯೆ ಹಾದುಹೋಗುತ್ತದೆ. ಪ್ರಾಣಿಗಳ ರಕ್ಷಣೆಗಾಗಿ 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಎಚ್.ಡಿ. ಕೋಟೆ, ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಉಳಿಯುವುದು ಕುಟ್ಟ, ಗೋಣಿಕೊಪ್ಪದ ಸುತ್ತುದಾರಿ. ಮಳೆಯ ರಾತ್ರಿಯಲ್ಲಿ ಮರ ಬಿದ್ದರೆ ಅದೂ ಇಲ್ಲ. ಆಂಬುಲೆನ್ಸಿಗೆ ದಾರಿ ಬಿಡುತ್ತಾರೆ, ನಮ್ಮ ಬಸ್ಸಿಗೆ ಬಿಡುವುದಿಲ್ಲ. "ಜೋರು ಮಳೆ ಬಂದರೆ ಮಕ್ಕಳನ್ನು ತುಂಬಿಕೊಂಡು ವಾಪಸ್ ಬಂದುಬಿಡೋಣ" ಎಂಬ ಮಾತು ಸಂಜೆಯ ಮೇಲೆ ನಡೆಯುವಂಥದ್ದಲ್ಲ.

ಕೋಯಿಕ್ಕೋಡ್ ಕಡೆಯಿಂದ ವಯನಾಡಿಗೆ ಹತ್ತುವ ತಾಮರಶ್ಶೇರಿ ಘಾಟಿಯ ಮೇಲೆ ಲಕ್ಕಿಡಿಯಲ್ಲಿ ಸರಪಳಿ ಕಟ್ಟಿದ ಒಂದು ಮರವಿದೆ. ಕರಿಂದಂಡನ್ ಎಂಬ ಆದಿವಾಸಿ ಯುವಕ ಬ್ರಿಟಿಷ್ ಎಂಜಿನಿಯರನಿಗೆ ಬೆಟ್ಟ ಹತ್ತುವ ದಾರಿ ತೋರಿಸಿದ, ಹೆಸರು ತನ್ನದಾಗಲಿ ಎಂದು ಆ ಎಂಜಿನಿಯರ್ ಅವನನ್ನು ಕೊಂದ ಎಂಬುದು ಅಲ್ಲಿಯ ಐತಿಹ್ಯ. ಪ್ರವಾಸಕ್ಕೆ ಹೋದ ಮಕ್ಕಳೆಲ್ಲ ಆ ಮರದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಕಥೆಯಲ್ಲಿ ದಾರಿ ಗೊತ್ತಿದ್ದದ್ದು ಅಲ್ಲೇ ಹುಟ್ಟಿ ಬೆಳೆದವನಿಗೆ. ಗುಡ್ಡ ಯಾವಾಗ ಮುನಿಯುತ್ತದೆ, ಹಳ್ಳ ಎಲ್ಲಿಯವರೆಗೆ ಬರುತ್ತದೆ ಎಂಬುದು ಇಂದಿಗೂ ಅಲ್ಲಿಯವರಿಗೇ ಗೊತ್ತು. ಶಿಬಿರದ ಜಾಗ ಗೊತ್ತುಮಾಡುವ ಮುಂಚೆ ನಾವು ಮಾತಾಡಬೇಕಾದದ್ದು ಅವರೊಂದಿಗೆ.

ಒಂದೇ ಪಂಚಾಯಿತಿ, ನಾಲ್ಕು ಮಳೆಗಾಲ

ವಯನಾಡಿನ ಮೇಪ್ಪಾಡಿ ಪಂಚಾಯಿತಿಯ ನಾಲ್ಕು ಮಳೆಗಾಲಗಳನ್ನು ಸಾಲಾಗಿ ನೋಡೋಣ.

1984ರಲ್ಲಿ ಮುಂಡಕ್ಕೈಯಲ್ಲಿ ಗುಡ್ಡ ಕುಸಿದು 14 ಜನ ಸತ್ತರು. ಹಳಬರು ಅದನ್ನು ಮರೆಯಲಿಲ್ಲ, ಆದರೆ ಹೊಸದಾಗಿ ಬಂದವರಿಗೆ ಅದು ಗೊತ್ತಿರಲಿಲ್ಲ. 2019ರ ಆಗಸ್ಟ್ 8ರಂದು ಅದೇ ಪಂಚಾಯಿತಿಯ ಪುತ್ತುಮಲದಲ್ಲಿ ಗುಡ್ಡ ಜಾರಿ 17 ಜನರ ಪ್ರಾಣ ಹೋಯಿತು. ಐದು ಜನರ ದೇಹ ಸಿಗಲೇ ಇಲ್ಲ.

2020ರಲ್ಲಿ ಮುಂಡಕ್ಕೈಯಲ್ಲಿ ಮತ್ತೆ ಗುಡ್ಡ ಕುಸಿಯಿತು. ಆ ಸಲ ಯಾರೂ ಸಾಯಲಿಲ್ಲ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಪರಿಸರ ಸಂಸ್ಥೆ ಮಳೆಮಾಪಕಗಳ ಲೆಕ್ಕ ನೋಡಿ ಎಚ್ಚರಿಸಿತ್ತು, ಜನರನ್ನು ಮೊದಲೇ ಬೇರೆ ಕಡೆ ಸಾಗಿಸಲಾಗಿತ್ತು. ಈ ಮಳೆಗಾಲದ ಬಗ್ಗೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಬರಲಿಲ್ಲ. ಜನ ಉಳಿದರೆ ಸುದ್ದಿ ಚಿಕ್ಕದಾಗುತ್ತದೆ. ನಮ್ಮ ಮಟ್ಟಿಗೆ ನಾಲ್ಕರಲ್ಲಿ ಹೆಚ್ಚು ನೆನಪಿಡಬೇಕಾದದ್ದು ಇದೇ.

ನಾಲ್ಕನೆಯದು ಎಲ್ಲರಿಗೂ ಗೊತ್ತಿರುವ 2024ರ ಜುಲೈ 30. ಮುಂಡಕ್ಕೈ ಮೇಲಿನ ಬೆಟ್ಟದಲ್ಲಿ ಸುಮಾರು 1,550 ಮೀಟರ್ ಎತ್ತರದಲ್ಲಿ ಕಿತ್ತುಕೊಂಡ ಮಣ್ಣು, ಬಂಡೆ, ಮರಗಳು ಹೊಳೆಯ ಪಾತ್ರ ಹಿಡಿದು ಸುಮಾರು 8 ಕಿಲೋಮೀಟರ್ ಉರುಳಿದವು. ನಡುರಾತ್ರಿ ಕಳೆದ ಹೊತ್ತು, ಜನ ನಿದ್ದೆಯಲ್ಲಿದ್ದರು. ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು. ಕಾಣೆಯಾದವರೂ ಸೇರಿ ಸತ್ತವರು ಸುಮಾರು 300. ಚಹಾ ತೋಟದ ಪಾಡಿಗಳಲ್ಲಿ, ಅಂದರೆ ನಮ್ಮ ಕೊಡಗಿನ ಲೈನ್ ಮನೆಗಳಂಥ ಸಾಲುಮನೆಗಳಲ್ಲಿ, ಇದ್ದ ಚಾಮರಾಜನಗರ ಕಡೆಯ ಕನ್ನಡಿಗ ಕೂಲಿಕಾರರೂ ಅವರಲ್ಲಿದ್ದರು. ಮುರಿದ ಸೇತುವೆಯ ಜಾಗದಲ್ಲಿ 190 ಅಡಿಯ ಬೈಲಿ ಸೇತುವೆ ಕಟ್ಟಿದ್ದು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು. ಗುರುತು ಸಿಗದ ದೇಹಗಳನ್ನು ಎಲ್ಲ ಧರ್ಮಗಳ ಪ್ರಾರ್ಥನೆಯೊಂದಿಗೆ ಹೂಳಿದ್ದು ಅದೇ ಪುತ್ತುಮಲದಲ್ಲಿ.

ಶಿಬಿರ ನಡೆಸುವವರು ಆ ದಿನದ ಒಂದು ವಿವರವನ್ನು ಕಿವಿಗೊಟ್ಟು ಕೇಳಬೇಕು. ಜುಲೈ 29ರಂದು ಹವಾಮಾನ ಇಲಾಖೆ ವಯನಾಡಿಗೆ ಕೊಟ್ಟಿದ್ದು ಕಿತ್ತಳೆ ಎಚ್ಚರಿಕೆ. ಕೆಂಪು ಎಚ್ಚರಿಕೆ ಬಂದದ್ದು 30ರ ಬೆಳಿಗ್ಗೆ. ಅಷ್ಟರಲ್ಲಿ ಗುಡ್ಡ ಕುಸಿದಾಗಿತ್ತು. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 204.4 ದಾಟಿದರೆ ಅತ್ಯಂತ ಭಾರೀ ಮಳೆ. ಹತ್ತಿರದ ಕಳ್ಳಾಡಿಯಲ್ಲಿ 48 ಗಂಟೆಯಲ್ಲಿ ಬಿದ್ದದ್ದು 572 ಮಿಲಿಮೀಟರ್. ಹ್ಯೂಮ್ ಸೆಂಟರ್ 29ರ ಬೆಳಿಗ್ಗೆಯೇ ಪುತ್ತುಮಲದ ಮಾಪಕದ ಲೆಕ್ಕವನ್ನು ಜಿಲ್ಲಾಡಳಿತಕ್ಕೆ ತಿಳಿಸಿತ್ತು. ಕೆಂಪು ಬಣ್ಣ ಕಾಣುವವರೆಗೂ ಕಾಯುತ್ತೇವೆ ಎನ್ನುವ ಶಿಬಿರಕ್ಕೆ ಕೆಂಪು ಬಣ್ಣ ಕಾಣದೆಯೂ ಹೋಗಬಹುದು. ಜಿಲ್ಲೆಯ ಬಣ್ಣ ಇಡೀ ಜಿಲ್ಲೆಗೆ ಸೇರಿದ್ದು, ನಾವು ಮಲಗುವ ಗುಡ್ಡದ ಮೇಲೆ ಎಷ್ಟು ನೀರು ಬಿದ್ದಿದೆ ಎಂಬುದೇ ಬೇರೆ ಲೆಕ್ಕ.

ಚೂರಲ್‌ಮಲದ ಹೊಳೆಯ ದಡದಲ್ಲಿ ವೆಳ್ಳಾರ್‌ಮಲ ಸರ್ಕಾರಿ ಶಾಲೆ ಇತ್ತು. ಉರುಳಿಬಂದ ದಿಮ್ಮಿ, ಬಂಡೆಗಳು ಅದರ ಗೋಡೆಗಳಿಗೆ ಬಡಿದು ನಿಂತವು. ರಾತ್ರಿಯಾದ್ದರಿಂದ ಶಾಲೆಯಲ್ಲಿ ಮಕ್ಕಳಿರಲಿಲ್ಲ, ಆದರೆ ತಮ್ಮ ತಮ್ಮ ಮನೆಗಳಲ್ಲಿ ಮಲಗಿದ್ದ ಹಲವು ಮಕ್ಕಳು ಮತ್ತೆ ಶಾಲೆಗೆ ಬರಲಿಲ್ಲ. ಆ ಶಾಲೆಯ ಮಕ್ಕಳು ಹೊರತಂದ ಡಿಜಿಟಲ್ ಪತ್ರಿಕೆಯಲ್ಲಿ ದುರಂತಕ್ಕೆ ಮುಂಚೆಯೇ ಒಬ್ಬ ಹುಡುಗಿ ಒಂದು ಕಥೆ ಬರೆದಿದ್ದಳು. ಜಲಪಾತದಲ್ಲಿ ಮುಳುಗಿ ಸತ್ತ ಬಾಲಕಿಯೊಬ್ಬಳು ಹಕ್ಕಿಯಾಗಿ ಬಂದು, ನೀರಿನ ಹತ್ತಿರ ಹೋದ ಮಕ್ಕಳಿಗೆ ಇಲ್ಲಿ ಅಪಾಯವಿದೆ, ಓಡಿಹೋಗಿ ಎಂದು ಎಚ್ಚರಿಸುವ ಕಥೆ. ಆ ಊರಿನ ಮಕ್ಕಳಿಗೆ ತಮ್ಮ ನೀರಿನ ಭಯ ಮೊದಲೇ ಗೊತ್ತಿತ್ತು. ಶಿಬಿರದಲ್ಲಿ ಒಂದು ಮಗು "ಅಕ್ಕಾ, ನನಗೆ ಆ ಸದ್ದು ಕೇಳಿದರೆ ಹೆದರಿಕೆ ಆಗುತ್ತೆ" ಎಂದರೆ ಗದರಿಸಿ ಮಲಗಿಸಬೇಡಿ. ಮೊದಲು ಎದ್ದು ಹೋಗಿ ಆ ಸದ್ದು ಯಾವುದೆಂದು ನೋಡಿ.

ಒಂದೇ ನದಿ, ಎರಡು ಶಿಬಿರ

ವಯನಾಡಿನಿಂದ ಸ್ವಲ್ಪ ದೂರ ಹೋಗಿ, ಚರ್ಚಿನ ಮಕ್ಕಳ ಶಿಬಿರಗಳಲ್ಲೇ ನಡೆದ ಮೂರು ಘಟನೆಗಳನ್ನು ನೋಡೋಣ. ಒಳ್ಳೆಯ ಮನಸ್ಸಿನಿಂದಲೇ ನಡೆಸಿದ ಶಿಬಿರಗಳು ಅವು.

ಅಮೆರಿಕದ ಟೆಕ್ಸಸ್‌ನಲ್ಲಿ ಗ್ವಾಡಲೂಪ್ ಎಂಬ ನದಿಯಿದೆ. 1987ರ ಜುಲೈ 17ರಂದು ಅದರ ದಡದ ಒಂದು ಕ್ರೈಸ್ತ ಶಿಬಿರದಲ್ಲಿ ರಾತ್ರಿಯಿಡೀ ಮಳೆ ಸುರಿಯಿತು. ಬೆಳಿಗ್ಗೆ ಮಕ್ಕಳನ್ನು ಬಸ್ಸುಗಳಲ್ಲಿ ಹೊರಗೆ ಸಾಗಿಸಲು ಹೊರಟರು. ಕೊನೆಯ ಬಸ್ ಮತ್ತು ವ್ಯಾನ್ ತಗ್ಗಿನ ರಸ್ತೆಯ ನೀರಿನಲ್ಲಿ ಸಿಕ್ಕಿಕೊಂಡವು. ಒಟ್ಟು 43 ಜನ ಇದ್ದರು. ಕೈಕೈ ಹಿಡಿದು ಸರಪಳಿ ಮಾಡಿಕೊಂಡು ದಾಟುತ್ತಿದ್ದಾಗ ನೀರಿನ ಅಲೆ ಹೊಡೆಯಿತು. 10 ಹದಿಹರೆಯದ ಮಕ್ಕಳು ಸತ್ತರು. ಶಿಬಿರದಲ್ಲೇ ಎತ್ತರದ ಜಾಗಕ್ಕೆ ಹೋಗುವ ಬದಲು ನೀರು ದಾಟಿ ಮನೆಗೆ ಹೋಗಲು ಹೊರಟಿದ್ದೇ ಅಲ್ಲಿ ಮುಳುವಾಯಿತು.

ಅದೇ ನದಿ 38 ವರ್ಷಗಳ ನಂತರ, 2025ರ ಜುಲೈ 4ರ ನಸುಕಿನಲ್ಲಿ, ಮತ್ತೆ ಉಕ್ಕಿತು. 1926ರಿಂದ ನಡೆಯುತ್ತಿದ್ದ ಕ್ಯಾಂಪ್ ಮಿಸ್ಟಿಕ್ ಎಂಬ ಹೆಣ್ಣುಮಕ್ಕಳ ಕ್ರೈಸ್ತ ಶಿಬಿರದಲ್ಲಿ ಮಕ್ಕಳು ಮತ್ತು ಅವರನ್ನು ನೋಡಿಕೊಳ್ಳುತ್ತಿದ್ದ ಯುವತಿಯರು ಸೇರಿ 27 ಜನ ಸತ್ತರು. ನೀರು ಮುಕ್ಕಾಲು ಗಂಟೆಯಲ್ಲಿ ಸುಮಾರು 26 ಅಡಿ ಏರಿತ್ತು. ಅದೇ ಸೀಮೆಯಲ್ಲಿ, ಅದೇ ನದಿಯ ದಡದಲ್ಲಿ ಮೋ ರಾಂಚ್ ಎಂಬ ಇನ್ನೊಂದು ಕ್ರೈಸ್ತ ಕೇಂದ್ರವಿದೆ. ಅಲ್ಲಿಯೂ ಆ ರಾತ್ರಿ ಯುವಜನರ ಶಿಬಿರಕ್ಕೆ ಬಂದವರಿದ್ದರು. ರಾತ್ರಿ ಸುಮಾರು ಒಂದು ಗಂಟೆಗೆ ಅಲ್ಲಿಯ ಕಟ್ಟಡಗಳನ್ನು ನೋಡಿಕೊಳ್ಳುವ ನೌಕರರೊಬ್ಬರು ನೀರು ಏರುತ್ತಿರುವುದನ್ನು ಕಂಡು ಮೇಲಿನವರಿಗೆ ತಿಳಿಸಿದರು. ಸರ್ಕಾರದ ಕರೆಗೆ ಕಾಯದೆ ಸುಮಾರು 70 ಮಕ್ಕಳನ್ನೂ ಹಿರಿಯರನ್ನೂ ಎಬ್ಬಿಸಿ ಎತ್ತರದ ಕಟ್ಟಡಕ್ಕೆ ಸಾಗಿಸಿದರು. ನದಿಯ ಹತ್ತಿರದ ಕಟ್ಟಡಗಳಿಗೆ ನೀರು ನುಗ್ಗಿತು, ಎಲ್ಲರೂ ಉಳಿದರು. ಆ ನೌಕರರು ಮಾಡಿದ್ದು ಎಚ್ಚರವಾಗಿದ್ದದ್ದು, ನದಿಯನ್ನು ನೋಡಿದ್ದು, ನೋಡಿದ್ದನ್ನು ಹೇಳಿದ್ದು. ಕೇಳಿದವರು ತಕ್ಷಣ ಎದ್ದರು.

ಮೂರನೆಯ ಘಟನೆ ನ್ಯೂಜಿಲೆಂಡಿನದು. 2008ರ ಏಪ್ರಿಲ್ 15ರಂದು ಆಕ್ಲೆಂಡಿನ ಎಲಿಮ್ ಕ್ರೈಸ್ತ ಶಾಲೆಯ ಮಕ್ಕಳು ಹೊರಾಂಗಣ ಕೇಂದ್ರವೊಂದರಲ್ಲಿ ತಂಗಿದ್ದರು. ಅವರನ್ನು ಮಾಂಗಾಟೆಪೊಪೊ ಎಂಬ ಕಿರಿದಾದ ಕಂದರಕ್ಕೆ ಇಳಿಸಲಾಯಿತು. ಮೇಲೆ ಸುರಿದ ಮಳೆಗೆ ಹೊಳೆ ಏಕಾಏಕಿ ಉಕ್ಕಿತು. 6 ವಿದ್ಯಾರ್ಥಿಗಳು ಮತ್ತು ಒಬ್ಬ ಶಿಕ್ಷಕರು ತೀರಿಕೊಂಡರು. ಆ ದಿನದ ಹವಾಮಾನ ವರದಿಯಲ್ಲಿ ಗುಡುಗುಮಳೆಯ ಮಾತಿತ್ತು, ಆದರೆ ಕೇಂದ್ರಕ್ಕೆ ತಲುಪಿದ ಪ್ರತಿಯಲ್ಲಿ ಆ ಪದವೇ ಬಿಟ್ಟುಹೋಗಿತ್ತು. ಈ ಸಾವುಗಳ ನಂತರ ಆ ದೇಶ ಸಾಹಸ ಚಟುವಟಿಕೆಗಳಿಗೆ ಹೊಸ ನಿಯಮಗಳನ್ನೇ ತಂದಿತು. ಒಂದೇ ಕಡೆಯಿಂದ ಬಂದ ಒಂದೇ ಮುನ್ಸೂಚನೆಯನ್ನು ನಂಬಿ ಕೂರಬಾರದು ಎಂಬುದು ಅಲ್ಲಿಂದ ನಾವು ಕಲಿಯಬೇಕಾದದ್ದು.

ಬಂಡೆಯ ಮೇಲೆ ಮನೆ ಕಟ್ಟಿದವನ ಮತ್ತು ಮರಳಿನ ಮೇಲೆ ಮನೆ ಕಟ್ಟಿದವನ ಸಾಮತಿ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಬಿಸಿಲಿನಲ್ಲಿ ಎರಡು ಮನೆಗಳೂ ಒಂದೇ ಥರ ಕಂಡಿರಬೇಕು. ಹೊಳೆಯ ಪಕ್ಕದ ಸಮತಟ್ಟಾದ ಮರಳುಜಾಗ ಡೇರೆ ಹಾಕಲು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದನ್ನು ಸಮತಟ್ಟು ಮಾಡಿದ್ದು ಹಿಂದೆ ಬಂದ ಪ್ರವಾಹ.

ಡೇರೆಯ ಒಳಗಿನ ಅಪಾಯ

ಗುಡ್ಡ, ಹೊಳೆಗಳಷ್ಟೇ ಅಲ್ಲ. 2021ರ ಜನವರಿಯಲ್ಲಿ ಮೇಪ್ಪಾಡಿಯ ಒಂದು ರೆಸಾರ್ಟಿನ ಡೇರೆಯಲ್ಲಿ ತಂಗಿದ್ದ ಯುವತಿಯೊಬ್ಬರನ್ನು ಕಾಡಾನೆ ಕೊಂದಿತು. ಪರವಾನಗಿ ಇಲ್ಲದೆ ಡೇರೆ ಹಾಕಿಸುವವರ ಮೇಲೆ ಜಿಲ್ಲಾಡಳಿತ ಆಗ ಕ್ರಮಕ್ಕೆ ಮುಂದಾಯಿತು. 2025ರ ಮೇ ತಿಂಗಳಲ್ಲಿ ಅದೇ ಮೇಪ್ಪಾಡಿ ಸೀಮೆಯ 900 ಕಂಡಿ ಎಂಬಲ್ಲಿ ಪ್ರವಾಸಿಗರಿಗಾಗಿ ಕಟ್ಟಿದ್ದ ಡೇರೆ ಗುಡಿಸಲು ಕುಸಿದು ಇನ್ನೊಬ್ಬ ಯುವತಿ ಸತ್ತರು. ಆದ್ದರಿಂದ ಜಾಗ ಕೊಡುವವರನ್ನು ಪಂಚಾಯಿತಿ ಪರವಾನಗಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು.

ಚಳಿಗೆ ಹೆದರಿ ಬಾಗಿಲು ಕಿಟಕಿ ಮುಚ್ಚಿ ಒಳಗೆ ಕೆಂಡ ಅಥವಾ ಗ್ಯಾಸ್ ಹೀಟರ್ ಇಡುವುದು ಇನ್ನೂ ದೊಡ್ಡ ಅಪಾಯ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಪ್ರವಾಸ ಹೋಗಿದ್ದ ಕೇರಳದ 8 ಜನ ಹೀಗೆ ಒಂದೇ ಕೋಣೆಯಲ್ಲಿ ಉಸಿರುಗಟ್ಟಿ ಸತ್ತರು, ಅವರಲ್ಲಿ 4 ಜನ ಮಕ್ಕಳು. ಆ ವಿಷದ ಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ.

ಒದ್ದೆಯಾದ ಮಗುವಿಗೆ ಬೆಂಕಿಗಿಂತ ಮೊದಲು ಬೇಕಾದದ್ದು ಒಣಬಟ್ಟೆ. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ವಯನಾಡಿನ ಮಳೆಗಾಲದ ರಾತ್ರಿಯೂ ಮೈಯ ಶಾಖವನ್ನು ಎಳೆದುಬಿಡುತ್ತದೆ. ನಡುಗುತ್ತಿದ್ದ ಮಗು ನಡುಗುವುದನ್ನು ನಿಲ್ಲಿಸಿ ಮಂಕಾದರೆ, ಮಾತು ತೊದಲಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಸೇರಿಸಬೇಕು. ಇಂಬಳ ಕಚ್ಚಿದರೆ ಹೆದರುವಂಥದ್ದೇನಿಲ್ಲ, ಉಪ್ಪು ಸಾಕು. ಆದರೆ ಕಾಲಿನಲ್ಲಿ ಗಾಯವಿರುವ ಮಕ್ಕಳನ್ನು ನಿಂತ ನೀರಿಗೆ, ಕೆಸರಿಗೆ ಬಿಡಬಾರದು. ಕೇರಳದ ಮಳೆಗಾಲದಲ್ಲಿ ಇಲಿಜ್ವರ ಸಾಮಾನ್ಯ. ಮನೆಗೆ ಬಂದು ವಾರ ಹತ್ತು ದಿನಗಳ ಮೇಲೆ ಜ್ವರ ಕಾಣಿಸಿದರೂ ಮಗು ವಯನಾಡಿಗೆ ಹೋಗಿತ್ತು ಎಂದು ಡಾಕ್ಟರಿಗೆ ಹೇಳಬೇಕು.

ನಾವು ಇಟ್ಟುಕೊಳ್ಳಬಹುದಾದ ನಿಯಮಗಳು

ಇಷ್ಟೆಲ್ಲ ಓದಿ ಶಿಬಿರವೇ ಬೇಡ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಮನೆಯಿಂದ ಹೊರಗೆ ಒಂದು ರಾತ್ರಿ ಕಳೆದ ಮಗು ತನ್ನ ತಟ್ಟೆ ತಾನೇ ತೊಳೆಯಲು ಕಲಿಯುತ್ತದೆ, ಬೇರೆಯವರ ಮಗುವಿನ ಪಕ್ಕ ಮಲಗಲು ಕಲಿಯುತ್ತದೆ. ಅದಕ್ಕಾಗಿ ನಾವು ಮುಂದಿಡುವ ನಿಯಮಗಳು ಇವು.

ವಯನಾಡಿನಲ್ಲಿ ಡೇರೆಯ ಶಿಬಿರ ಬೇಕಿದ್ದರೆ ಜೂನ್‌ನಿಂದ ನವೆಂಬರ್‌ವರೆಗೆ ಬೇಡ. ಅಲ್ಲಿ ಮುಂಗಾರು ಮುಗಿದರೂ ತುಲಾಮಳೆ ಬಾಕಿಯಿರುತ್ತದೆ. ಕ್ರಿಸ್ಮಸ್ ರಜೆ ಒಳ್ಳೆಯದು. ಮಳೆಗಾಲದಲ್ಲೇ ಹೋಗಬೇಕೆಂದರೆ ಗುಡ್ಡದ ಬುಡದಲ್ಲೂ ಹೊಳೆಯ ದಡದಲ್ಲೂ ಇಲ್ಲದ ಒಂದು ಶಾಲೆ ಅಥವಾ ಚರ್ಚಿನ ಸಭಾಂಗಣದ ಗಟ್ಟಿ ಸೂರಿನ ಕೆಳಗೆ ಮಲಗೋಣ, 1886ರ ಗ್ಲಾಸ್ಗೊ ಹುಡುಗರ ಹಾಗೆ. ಅಲ್ಲಿಯವರನ್ನು ಕೇಳಿಯೇ ಜಾಗ ಗೊತ್ತುಮಾಡೋಣ.

ಹೊರಡುವ ಹಿಂದಿನ ಎರಡು ದಿನ ಆ ಊರಿನಲ್ಲಿ ಎಷ್ಟು ಮಳೆ ಬಿದ್ದಿದೆ ಎಂದು ಕೇಳೋಣ. ಇಂದು ಬಿಸಿಲಿದ್ದರೂ ನೆನೆದ ಗುಡ್ಡ ನೆನೆದೇ ಇರುತ್ತದೆ. ಕಿತ್ತಳೆ ಎಚ್ಚರಿಕೆ ಇದ್ದರೆ ಶಿಬಿರ ರದ್ದು. ಅದಕ್ಕಾಗಿ ಮತ್ತೆ ಸಭೆ ಸೇರುವುದು ಬೇಡ. ಶಿಬಿರದಲ್ಲಿ ಅಂಚು ನೇರವಾಗಿರುವ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು ಸ್ಕೇಲಿನಿಂದ ಅಳೆಯುವ ಕೆಲಸವನ್ನು ಮಕ್ಕಳಿಗೇ ಕೊಡೋಣ. ಒಂದು ಸೆಂಟಿಮೀಟರ್ ನೀರು ಎಂದರೆ 10 ಮಿಲಿಮೀಟರ್ ಮಳೆ. ಆರೂವರೆ ಸೆಂಟಿಮೀಟರ್ ಆಯಿತೆಂದರೆ ಅದು ಭಾರೀ ಮಳೆ ಎಂದು ಅವರಿಗೂ ಗೊತ್ತಿರಲಿ.

ಇರುವುದೋ ಹೊರಡುವುದೋ ಎಂಬ ನಿರ್ಧಾರ ಮಧ್ಯಾಹ್ನ 3 ಗಂಟೆಯೊಳಗೆ ಆಗಬೇಕು. ಬಾವಲಿ ದಾರಿ 6ಕ್ಕೆ, ಮುತ್ತಂಗ ದಾರಿ 9ಕ್ಕೆ ಮುಚ್ಚುತ್ತದೆ ಎಂಬುದು ನೆನಪಿರಲಿ. ಕತ್ತಲಾದ ಮೇಲೆ ಎಲ್ಲಿಗೂ ಹೊರಡುವುದಿಲ್ಲ, ಹರಿಯುವ ನೀರನ್ನು ಬಸ್ಸಿನಲ್ಲಾಗಲಿ ಕಾಲ್ನಡಿಗೆಯಲ್ಲಾಗಲಿ ದಾಟುವುದಿಲ್ಲ. ಅಪಾಯ ಕಂಡರೆ ಹತ್ತಿರದ ಎತ್ತರದ, ಗಟ್ಟಿಯಾದ ಜಾಗಕ್ಕೆ ಹೋಗುತ್ತೇವೆ. ಆ ಜಾಗ ಯಾವುದೆಂದು ಹಗಲಿನಲ್ಲೇ ಮಕ್ಕಳನ್ನು ಒಮ್ಮೆ ನಡೆಸಿ ತೋರಿಸಿರುತ್ತೇವೆ.

ಎಂಟು ಮಕ್ಕಳಿಗೆ ಒಬ್ಬರಾದರೂ ಹಿರಿಯರು. ಹುಡುಗಿಯರಿದ್ದರೆ ಜೊತೆಗೆ ಮಹಿಳೆಯರು ಇದ್ದೇ ಇರಬೇಕು, ಮಲಗುವ ಜಾಗ ಬೇರೆ ಬೇರೆ. ರಾತ್ರಿಯಿಡೀ ಇಬ್ಬಿಬ್ಬರು ಸರದಿಯಲ್ಲಿ ಎಚ್ಚರವಾಗಿರಬೇಕು. ಅವರ ಕೆಲಸ ಮೊಬೈಲ್ ನೋಡುವುದಲ್ಲ, ಹೊರಗೆ ನೋಡುವುದು. ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಕಡಿಮೆಯಾದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಮರಗಳು ವಾಲಿದರೆ, ಗುಡ್ಡದೊಳಗೆ ಗುಡುಗಿನಂಥ ಸದ್ದು ಬಂದರೆ ಆ ಕ್ಷಣವೇ ಎಲ್ಲರನ್ನೂ ಎಬ್ಬಿಸಬೇಕು. ಹೊಳೆಯ ಜಾಡಿನಲ್ಲಿ ಕೆಳಗೆ ಓಡದೆ ಪಕ್ಕಕ್ಕೆ ಸರಿದು ಎತ್ತರಕ್ಕೆ ಹೋಗಬೇಕು. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ತುರ್ತು ಸೇವೆಯ 112, ಆಂಬುಲೆನ್ಸಿನ 108, ಈ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಫೋನಿನ ಚಾರ್ಜ್ ಮುಗಿದರೂ ಕಾಗದ ಉಳಿಯುತ್ತದೆ.

ಕೊನೆಯದು ನಮ್ಮ ಯುವಜನರಿಗೇ ಹೇಳಬೇಕಾದ ಮಾತು. ಶಿಬಿರದ ಹಿಂದಿನ ದಿನ ಒಬ್ಬ ಅಣ್ಣನೋ ಅಕ್ಕನೋ "ಈ ಸಲ ಬೇಡ" ಎಂದರೆ ಬಸ್ಸಿಗೆ ಕೊಟ್ಟ ಮುಂಗಡ ಹೋಗುತ್ತದೆ, ಮಕ್ಕಳು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ, ಗೆಳೆಯರು ಪುಕ್ಕಲ ಎಂದು ನಗುತ್ತಾರೆ. ಆಮೇಲೆ ಮಳೆ ಬಾರದೇ ಹೋದರಂತೂ ಆ ನಗು ವರ್ಷವಿಡೀ ಇರುತ್ತದೆ. 2020ರ ಮುಂಡಕ್ಕೈಯಲ್ಲಿ ಮನೆ ಬಿಟ್ಟು ಹೋಗಿ ಎಂದು ಹೇಳಿದವರಿಗೂ ಇಂಥ ಮಾತುಗಳು ಕೇಳಿಸಿರಬಹುದು. ನಮ್ಮ ಧರ್ಮಕೇಂದ್ರದಲ್ಲಿ ಆ ಮಾತು ಹೇಳಿದವರನ್ನು ಯಾರೂ ನಗಬಾರದು, ಮುಂಗಡದ ಹಣವನ್ನು ಅವರ ತಲೆಗೆ ಕಟ್ಟಬಾರದು. ಇಷ್ಟನ್ನು ಮೊದಲ ಸಭೆಯಲ್ಲೇ ಬರೆದಿಟ್ಟುಕೊಂಡು, ಆಮೇಲೆ ಶಿಬಿರದ ತಾರೀಖು ಗೊತ್ತುಮಾಡೋಣ. ಹೆತ್ತವರೇ, ಒಪ್ಪಿಗೆಯ ಚೀಟಿಗೆ ಸಹಿ ಹಾಕುವ ಮುಂಚೆ ಈ ನಿಯಮಗಳನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮನ್ನು ಒಂದೊಂದಾಗಿ ಕೇಳಿ.